ಅಂಬಿಗನ ಮಾತು

(ಮಂಗಳೂರಿನ ದೇರೆಬೈಲಿನಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಸಂಸ್ಕೃತದಲ್ಲಿ ‘ತೄ’ ಎಂಬುದೊಂದು ಧಾತು ಉಂಟು. ತೇಲುವುದು, ದಾಟುವುದು ಎಂದು ಅದರ ಅರ್ಥ. ತೀರ್ಥವೆಂಬ ಶಬ್ದ ಹುಟ್ಟಿದ್ದು ಈ ಧಾತುವಿನಿಂದ. ತೀರ್ಥವೆಂದ ಕೂಡಲೇ ನಿಮಗೆ ಅಂಗೈಯಲ್ಲಿ ಕೊಳ್ಳುವ ನೀರು ನೆನಪಿಗೆ ಬರುತ್ತದೆ. ಆದರೆ ಮೊದಲು ಆ ಮಾತು ಹೇಳುತ್ತಿದ್ದುದು ಮನುಷ್ಯರು, ದನಕರುಗಳು ಹೊಳೆಗೆ ಇಳಿದು ದಾಟುವ ಜಾಗವನ್ನು. ಈ ಕರಾವಳಿಯವರು ಅದನ್ನು ಕಡವು ಎನ್ನುತ್ತಾರೆ. ಅಮರಕೋಶವನ್ನು ನಾವು ಬಾಲ್ಯದಲ್ಲಿ ಅರ್ಥ ತಿಳಿಯದೆ ಉರುಹೊಡೆದವರು. ಅದರ ವಾರಿವರ್ಗದಲ್ಲಿ ದೋಣಿಯ ಸಂಸಾರವೆಲ್ಲ ಇದೆ. ಚುಕ್ಕಾಣಿ ಹಿಡಿದವನು ಕರ್ಣಧಾರ, ಹುಟ್ಟು ಅರಿತ್ರ, ದಾಟಿಸಿದ್ದಕ್ಕೆ ಕೊಡುವ ಕೂಲಿ ಆತರ. ದೋಣಿಯೊಳಗೆ ಸೇರಿದ ನೀರನ್ನು ಮೊಗೆದು ಹೊರಚೆಲ್ಲುವ ಪಾತ್ರೆಗೂ ಒಂದು ಹೆಸರು, ಸೇಕಪಾತ್ರ. ನಿಘಂಟು ಬರೆದ ಆ ಪುಣ್ಯಾತ್ಮನು ನೀರು ಚೆಲ್ಲುವ ಪಾತ್ರೆಯನ್ನೂ ಮರೆಯಲಿಲ್ಲ ನೋಡಿರಿ. ದೋಣಿಯಲ್ಲಿ ಕುಳಿತವರ ಪ್ರಾಣವು ಅದರ ಮೇಲೆಯೇ ನಿಂತಿರುತ್ತದೆಂದು ಅವನಿಗೆ ತಿಳಿದಿತ್ತು.

ಇಷ್ಟು ವ್ಯಾಕರಣವನ್ನು ಮೊದಲೇ ಹೇಳಿದ್ದಕ್ಕೆ ಕಾರಣವುಂಟು. ಘಟ್ಟದ ಮೇಲಿನಿಂದ ಬ್ಯಾಂಕು, ಬಂದರು, ಕಾಲೇಜು, ಆಸ್ಪತ್ರೆಗಳ ಕೆಲಸಕ್ಕೆಂದು ಇಳಿದು ಬಂದು, ಈ ದೇರೆಬೈಲು, ಕೊಂಚಾಡಿ, ಕೊಟ್ಟಾರಗಳಲ್ಲಿ ಮನೆಮಾಡಿಕೊಂಡಿರುವ ನೀವೆಲ್ಲ ಸೇರಿ ನಮಗಾಗಿ ನಿನ್ನೆಯ ದಿನ ಒಂದು ನೌಕಾವಿಹಾರವನ್ನು ಏರ್ಪಡಿಸಿದ್ದಿರಿ. ಬೈಲು ಎಂದರೆ ಗದ್ದೆಯ ತಗ್ಗು. ಗದ್ದೆಯ ಹೆಸರು ಉಳಿದಿದೆ, ಗದ್ದೆಯಿದ್ದಲ್ಲಿ ಈಗ ಮಾಳಿಗೆಯ ಮೇಲೆ ಮಾಳಿಗೆ ಎದ್ದಿದೆ, ಅದಿರಲಿ. ವಿಹಾರದ ಸುದ್ದಿ ಕೇಳಿ ನಮ್ಮ ಜೊತೆ ಬಂದ ಹಿರಿಯರೊಬ್ಬರು, “ಬುದ್ಧಿ, ಮಠದವರು ದುಡ್ಡು ಕೊಟ್ಟು ದೋಣಿ ಹಿಡಿದು ಊರು ನೋಡಲು ಹೋಗುವುದು ಸರಿಯೆ?” ಎಂದು ಕೇಳಿದರು. ಜಂಗಮನೆಂದರೆ ನಡೆದಾಡುವವನು. ಅವನು ರಸ್ತೆಯಲ್ಲಿ ನಡೆಯಬಹುದಾದರೆ ನೀರಿನ ಮೇಲೆ ಏಕೆ ಹೋಗಬಾರದು? ಇನ್ನು ದುಡ್ಡಿನ ಮಾತು. ನಾವು ಕೊಟ್ಟದ್ದು ಅಂಬಿಗನ ಆತರ. ಅವನ ಮನೆಯ ಒಲೆ ಅದರಿಂದ ಉರಿಯುತ್ತದೆ. ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಕೂರಿಸಿ ಕೈಮುಗಿಯುವ ನಾವು, ಇಂದಿನ ಅಂಬಿಗನ ಕೂಲಿಯನ್ನು ಪೋಲು ಖರ್ಚೆಂದು ಕರೆಯಲಾಗದು.

ಕೂಳೂರಿನ ಬಳಿ ದೋಣಿ ಹತ್ತಿದೆವು. ಅಲ್ಲಿ ಹರಿಯುವುದು ಫಲ್ಗುಣಿ, ಗುರುಪುರ ನದಿ ಎಂದೂ ಹೇಳುತ್ತಾರೆ. ನಮ್ಮ ಕಡೆಯ ನದಿಗಳಿಗೆ ಒಂದೇ ದಿಕ್ಕು, ಮೇಲಿನಿಂದ ಕೆಳಕ್ಕೆ. ಇಲ್ಲಿ ಹಾಗಲ್ಲ. ದಿನಕ್ಕೆ ಎರಡು ಸಲ ಸಮುದ್ರವು ನದಿಯೊಳಕ್ಕೆ ಬರುತ್ತದೆ, ಎರಡು ಸಲ ಹಿಂದೆ ಹೋಗುತ್ತದೆ. ಭರತ ಮತ್ತು ಇಳಿತ. ನಮ್ಮ ತಂಡದ ಮಕ್ಕಳು ದಡದ ಕಲ್ಲೊಂದರ ಮೇಲೆ ನೀರು ಏರುವುದನ್ನು ಕಣ್ಣಾರೆ ಕಂಡು ಬೆರಗಾದರು. ಅಂಬಿಗನು ಗಡಿಯಾರ ನೋಡಿದ್ದಕ್ಕಿಂತ ಆ ಕಲ್ಲನ್ನು ನೋಡಿದ್ದೇ ಹೆಚ್ಚು.

ಈ ನದಿಯು ಕೂಳೂರಿನಲ್ಲಿ ಸಮುದ್ರದ ಹತ್ತಿರ ಬಂದೂ ಅದಕ್ಕೆ ಸೇರದೆ, ತೆಂಕಣಕ್ಕೆ ಹೊರಳಿ ಸಮುದ್ರಕ್ಕೆ ಸಮಾನವಾಗಿ ಹರಿಯುತ್ತದೆ. ಬಲಕ್ಕೆ ತಣ್ಣೀರುಬಾವಿ, ಬೆಂಗ್ರೆಗಳ ಮರಳಪಟ್ಟಿ. ಅದರ ಆಚೆಗೆ ಸಮುದ್ರ. ಎಡಕ್ಕೆ ಊರು. ಬೋಳೂರಿನ ದಡದಲ್ಲಿ ಸುಲ್ತಾನ್ ಬತೇರಿ ಎಂಬ ಕರಿಗಲ್ಲಿನ ಕಾವಲು ಬುರುಜು ಇದೆ. ಟಿಪ್ಪು ಸುಲ್ತಾನನು 1784ರಲ್ಲಿ, ವೈರಿಯ ಯುದ್ಧನೌಕೆಗಳು ನದಿಯೊಳಗೆ ನುಗ್ಗದಿರಲೆಂದು ಕಟ್ಟಿಸಿದ್ದು. ಅದೇ ವರ್ಷದ ಮಾರ್ಚ್ 11ರಂದು ಅವನಿಗೂ ಇಂಗ್ಲಿಷ್ ಕಂಪನಿಗೂ ಮಂಗಳೂರಿನ ಒಪ್ಪಂದವಾಯಿತು. ಸಂಧಿಯೂ ಆಯಿತು, ಕಾವಲಿನ ಬುರುಜೂ ಏರಿತು. ರಾಜರು ಪರಸ್ಪರ ಎಷ್ಟು ನಂಬಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟಿಪ್ಪುವಿನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಅವನಿಗಿಂತ ಮೊದಲು ಈ ತೀರವನ್ನು ಆಳಿದ ಕೆಳದಿಯವರ ಹೆಸರು, ನಮ್ಮ ಸಮಾಜದ ಮಕ್ಕಳಿಗೇ ಗೊತ್ತಿಲ್ಲದಿರುವುದು ವಿಷಾದದ ಸಂಗತಿ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನು, ಬಿದನೂರಿನಲ್ಲಿ ಕುಳಿತು ಈ ಕಡಲತೀರದ ಕೋಟೆಗಳಿಂದ ಪೋರ್ಚುಗೀಸರನ್ನು ತೆರವು ಮಾಡಿಸಿದವನು. ಮಂಗಳೂರು ಅವುಗಳಲ್ಲಿ ಒಂದು. ರೈತನ ಭೂಮಿಯನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ ಕಂದಾಯ ಕಟ್ಟಿದ ‘ಶಿಸ್ತು’ ಅವನದು. ಮುಂದೆ 1671ರಿಂದ 1696ರವರೆಗೆ ಚೆನ್ನಮ್ಮಾಜಿಯು ಆಳಿದಳು. ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯಕ್ಕೆ ಸಿಕ್ಕದೆ ಓಡಿಬಂದಾಗ ಆಶ್ರಯ ಕೊಟ್ಟವಳು ಆಕೆ. ಅಂತಹ ಮನೆತನದ ಸಿರಿಗೆ ಈ ಕರಾವಳಿಯ ಅಕ್ಕಿಯೂ, ಘಟ್ಟದಿಂದ ಇಳಿದ ಮೆಣಸೂ ಆಧಾರ. ಅಕ್ಕಿಮುಡಿ ಹೊತ್ತ ದೋಣಿಗಳು ಹರಿದ ನೀರು ಇದೇ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಮಂಗಳೂರೂ ಅವನ ಕೈಗೆ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ಮತ್ತೊಂದು ಸ್ವಾರಸ್ಯವಿದೆ. ಕಲ್ಯಾಣದಲ್ಲಿ ಬಸವಣ್ಣನವರ ಕಾಲ ಮೊದಲಾಗುವ ಹೊತ್ತಿಗೆ, ಹನ್ನೆರಡನೆಯ ಶತಮಾನದಲ್ಲಿ, ಉತ್ತರ ಆಫ್ರಿಕದ ಕಡೆಯ ಒಬ್ಬ ಯೆಹೂದಿ ವರ್ತಕನು ಈ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ಸಂಸಾರ ಹೂಡಿದ್ದ. ಅಬ್ರಹಾಂ ಬೆನ್ ಯಿಜು ಎಂದು ಹೆಸರು. ಮೆಣಸು, ಏಲಕ್ಕಿ, ಅಡಿಕೆಯ ವ್ಯಾಪಾರ ಅವನದು. ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಅವನ ಪತ್ರಗಳು ಈಜಿಪ್ಟಿನ ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ಹಾಳಾಗದೆ ಉಳಿದುಬಂದವು. ಏಡನ್ನಿಗೆ ಅವನ ಪರವಾಗಿ ವ್ಯವಹಾರಕ್ಕೆ ಹೋಗುತ್ತಿದ್ದ ಸೇವಕನೊಬ್ಬನ ಹೆಸರು ಆ ಪತ್ರಗಳಲ್ಲಿದೆ. ಅದನ್ನು ಬೊಮ್ಮ ಎಂದು ಓದಿ, ಅಮಿತಾವ್ ಘೋಷ್ ಎಂಬ ಲೇಖಕರು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ನಾಡಿನ ಬೊಮ್ಮನೊಬ್ಬ ಸಮುದ್ರ ದಾಟಿ ಹೋಗಿ ಬರುತ್ತಿದ್ದ. ಸಮುದ್ರ ದಾಟಿದರೆ ಮೈಲಿಗೆ ಎಂದು ಶಾಸ್ತ್ರ ಹೇಳುತ್ತಾ ಕುಳಿತವರಿಗೆ ಅವನು ಕೇಳಿ ಹೋಗಲಿಲ್ಲ.

ಇದನ್ನೆಲ್ಲ ದೋಣಿಯಲ್ಲಿ ಕುಳಿತು ಮಕ್ಕಳಿಗೆ ಹೇಳುತ್ತಾ ಹೋದೆವು. ಬಂದರಿನ ದಕ್ಕೆಯಲ್ಲಿ ಮೀನುಗಾರಿಕೆಯ ದೋಣಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನೂ ತೋರಿಸಿದರು. ಮುಂದೆ ಅಳಿವೆ, ನೇತ್ರಾವತಿಯೂ ಫಲ್ಗುಣಿಯೂ ಸೇರಿ ಸಮುದ್ರಕ್ಕೆ ಬಾಗಿಲು ತೆರೆದ ಸ್ಥಳ. ಅಲ್ಲಿ ಅಲೆಯ ಏರಿಳಿತ ಬೇರೆ. ಅಂಬಿಗನು ಅಳಿವೆಯ ಹತ್ತಿರಕ್ಕೆ ಒಯ್ಯದೆ ದೂರದಿಂದಲೇ ದೋಣಿಯನ್ನು ನೇತ್ರಾವತಿಗೆ ತಿರುಗಿಸಿದ. ಜೆಪ್ಪುವಿನ ಕಡೆಯಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಮೊದಲ ಹಂಚಿನ ಕಾರ್ಖಾನೆ ತೆರೆದರು. ಈ ಎರಡು ನದಿಗಳ ದಂಡೆಯ ಜೇಡಿಮಣ್ಣೇ ಆ ಹಂಚು. ನಮ್ಮ ಮಠದ ಹಳೆಯ ಪ್ರಸಾದನಿಲಯದ ಮಾಡಿನ ಮೇಲಿರುವುದೂ ಮಂಗಳೂರು ಹಂಚೇ. ಹಾಗಾಗಿ ಈ ನದಿಯ ಮಣ್ಣಿನ ನೆರಳಿನಲ್ಲಿ ನಾವು ನೀವು ಎಷ್ಟೋ ವರ್ಷ ಉಂಡಿದ್ದೇವೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ದೋಣಿ ಹತ್ತುವಾಗ ಒಂದು ಪ್ರಸಂಗ ನಡೆಯಿತು. ನಿಮ್ಮಲ್ಲಿ ಹಲವರು ಕಂಡಿದ್ದೀರಿ. ದೋಣಿಗೆ ಇಪ್ಪತ್ತು ಜನವೆಂದು ಲೆಕ್ಕ. ಸ್ವಾಮಿಗಳು ಬರುತ್ತಾರೆಂದು ತಿಳಿದು ದಡದಲ್ಲಿ ಸೇರಿದವರು ಇಪ್ಪತ್ತೆಂಟು. ಅಂಬಿಗನು ಬೆರಳು ಮಡಚಿ ಎಣಿಸಿ ನಿಲ್ಲಿಸಿಬಿಟ್ಟ. ಭಕ್ತರಲ್ಲಿ ಒಬ್ಬರು, ಒಳ್ಳೆಯವರೇ, “ಇಡೀ ದೋಣಿಗೆ ನಾವೇ ದುಡ್ಡು ಕೊಟ್ಟಿದ್ದೇವೆ. ಉಳಿದವರು ಚಿಕ್ಕ ಮಕ್ಕಳು, ತೊಡೆಯ ಮೇಲೆ ಕೂರುತ್ತಾರೆ” ಎಂದರು. ಅವನು, “ಆಗುದಿಲ್ಲ ಮಾರಾಯ್ರೇ, ಮಕ್ಕಳೂ ಲೆಕ್ಕಕ್ಕೆ ಉಂಟು. ನೀವು ನಿಲ್ಲಿ, ಎರಡನೇ ಸಲಕ್ಕೆ ಕರ್ಕೊಂಡು ಹೋಗ್ತೇನೆ” ಎಂದ. ಆಗ ಅವರು ನಮ್ಮ ಕಡೆ ಕೈತೋರಿಸಿ, “ಬುದ್ಧಿಯವರೇ ದೋಣಿಯಲ್ಲಿ ಇರುವಾಗ ನಮಗೆ ಏನಾಗುತ್ತದಯ್ಯ?” ಎಂದರು.

ಆ ಮಾತಿನಲ್ಲಿ ಭಕ್ತಿ ಇತ್ತು, ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಭಕ್ತಿ ಬಹು ಅಪಾಯದ ಭಕ್ತಿ. ದೋಣಿಗೆ ಗೊತ್ತಿರುವುದು ಭಾರವೊಂದೇ. ಅದರ ಲೆಕ್ಕದಲ್ಲಿ ನಾವೂ ಒಬ್ಬ ಆಳು. ಅದೂ ಸ್ವಲ್ಪ ಹೆಚ್ಚಿನ ತೂಕದ ಆಳು.

ಮರೆತಿರೇನು? 2019ರ ಜನವರಿ 21, ಪುಷ್ಯದ ಹುಣ್ಣಿಮೆ. ಕಾರವಾರದ ಎದುರಿಗಿರುವ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ಜನರು ದೋಣಿಯಲ್ಲಿ ಹೋಗಿ ದರ್ಶನ ಮಾಡಿ ಬರುತ್ತಾರೆ. ಆ ದಿನ ಮರಳುವಾಗ ಮಿತಿಮೀರಿ ಜನ ತುಂಬಿದ್ದ ಒಂದು ದೋಣಿ ಮಗುಚಿ 16 ಜನ ತೀರಿಹೋದರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಕಡೆಯವರೂ ಇದ್ದರು. ಘಟ್ಟದ ಮೇಲಿನವರು, ಸಮುದ್ರದ ಪರಿಚಯವಿಲ್ಲದವರು. ಅವರೆಲ್ಲ ದೇವರ ದರ್ಶನವನ್ನೇ ಮಾಡಿಕೊಂಡು ಬರುತ್ತಿದ್ದವರಲ್ಲವೆ? ಅವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಯಾವನಾದರೂ ಹೇಳಿದರೆ ಅವನ ನಾಲಿಗೆಗೆ ಕರುಣೆಯಿಲ್ಲ. ಮತ್ತೆ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮುಳುಗಿ 22 ಜನ ಹೋದರು. ಅಲ್ಲಿಯೂ ಹಿಡಿಯುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದರು. ಸತ್ತವರಲ್ಲಿ ಮಕ್ಕಳು ಬಹಳ. ತೊಡೆಯ ಮೇಲೆ ಕೂರಿಸಿಕೊಂಡರೆ ಮಗುವಿನ ತೂಕ ಕಡಮೆಯಾಗುವುದಿಲ್ಲ, ತಾಯಂದಿರೇ.

ಆದ್ದರಿಂದ ನಾವು ದಡದಲ್ಲೇ ನಿಂತು ಹೇಳಿದೆವು: ಇಲ್ಲಿ ಗುರು ಇವನು, ಇವನು ಹೇಳಿದ್ದೇ ಅಪ್ಪಣೆ. ಮಕ್ಕಳು ಮೊದಲ ಸಲಕ್ಕೆ ನಮ್ಮೊಡನೆ ಬರಲಿ, ಹಿರಿಯರು ಎಂಟು ಮಂದಿ ಕಾಯಲಿ. ಕಾಯ್ದರು. ಆ ಭಕ್ತರೂ ಕಾಯ್ದರು. ಎರಡನೆಯ ಸಲ ಅವರು ಹೋಗಿ ಬಂದು, ತಮಗೆ ಬಿಸಿಲು ಇಳಿದ ಮೇಲಿನ ನದಿ ಕಾಣಸಿಕ್ಕಿತೆಂದು ನಮ್ಮ ಮುಂದೆಯೇ ಹೆಚ್ಚುಗಾರಿಕೆ ಹೇಳಿಕೊಂಡರು.

ಬಳಿಕ ತೇಲುವ ಅಂಗಿಯ ಪ್ರಸಂಗ. ಲೈಫ್ ಜಾಕೆಟ್ ಎಂದು ಅದನ್ನು ಎಲ್ಲರ ಕೈಗೂ ಕೊಟ್ಟ. ರೇಷ್ಮೆ ಸೀರೆಯುಟ್ಟು ಬಂದ ತಾಯಂದಿರಿಗೆ ಅದು ಬೇಡವಾಯಿತು. ಸೀರೆ ಮುದುಡುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ನಾವು ಕಾವಿಯ ಮೇಲೆ ಆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಗುಂಡಿ ಬಿಗಿಸಿಕೊಂಡೆವು. ಬಣ್ಣಕ್ಕೆ ಬಣ್ಣ ಹೊಂದಿತೆಂದು ಮಕ್ಕಳು ನಕ್ಕರು. ನಗಲಿ. ಅನಂತರ ಬೇಡವೆನ್ನುವವರು ಯಾರೂ ಉಳಿಯಲಿಲ್ಲ.

ಇನ್ನೊಂದು ಮಾತು. ಸ್ವಂತಕ್ಕೆ ಹಿಡಿದ ದೋಣಿಯಲ್ಲಿ ನಮ್ಮವರು ನಮ್ಮವರೇ ಕುಳಿತೆವು, ಸೊಗಸಾಗಿತ್ತು. ಆದರೆ ನಮ್ಮ ಪಕ್ಕದಲ್ಲೇ ಬತೇರಿಯಿಂದ ತಣ್ಣೀರುಬಾವಿಗೆ, ಬಂದರಿನಿಂದ ಬೆಂಗ್ರೆಗೆ ಕಡವಿನ ದೋಣಿ ಓಡಾಡುತ್ತಿತ್ತು. ಅದರಲ್ಲಿ ಶಾಲೆಯ ಚೀಲ, ಸೈಕಲ್ಲು, ಮೀನಿನ ಬುಟ್ಟಿ, ಮುದುಕರು, ಮೊಗವೀರರು, ಬ್ಯಾರಿಗಳು ಎಲ್ಲ ಒಟ್ಟಿಗೆ. ನಮಗೆ ವಿಹಾರವಾದದ್ದು ಅವರಿಗೆ ನಿತ್ಯದ ದಾರಿ. ನೇತ್ರಾವತಿಯಲ್ಲಿ ಪಾವೂರು ಉಳಿಯ ಎಂಬ ಕುದ್ರು ಇದೆಯಂತೆ. ನಡುನದಿಯ ದ್ವೀಪಕ್ಕೆ ಇಲ್ಲಿ ಕುದ್ರು ಎನ್ನುತ್ತಾರೆ. ನಮ್ಮ ದೋಣಿ ಅಲ್ಲಿಯವರೆಗೆ ಹೋಗಲಿಲ್ಲ. ಅಲ್ಲಿನ ಮನೆಗಳವರು ಹಾಲು, ಅಕ್ಕಿ, ಔಷಧಿಗೆಲ್ಲ ದೋಣಿಯನ್ನೇ ನೆಚ್ಚಿದವರು. ಮರಳು ತೆಗೆದು ತೆಗೆದು ತಮ್ಮ ನೆಲದ ಅಂಚು ಕುಸಿಯುತ್ತಿದೆಯೆಂದು ಅವರು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ನಿಮ್ಮಲ್ಲಿ ಮನೆ ಕಟ್ಟಿಸುವವರು ಬಹಳ ಜನ ಇದ್ದೀರಿ. ಲಾರಿ ಬಂದು ಮರಳು ಸುರಿದಾಗ, ಇದು ಎಲ್ಲಿಯದು, ಪರವಾನಗಿಯ ಚೀಟಿ ಎಲ್ಲಿ ಎಂದು ಒಮ್ಮೆ ಕೇಳಿರಿ. ಕೇಳಲಿಕ್ಕೆ ಖರ್ಚಿಲ್ಲ.

ಬರುವ ಶಿವರಾತ್ರಿಯ ನಂತರ ನಮ್ಮ ವಿದ್ಯಾರ್ಥಿನಿಲಯದ ಅರವತ್ತು ಹುಡುಗರನ್ನು ಈ ನದಿಗೆ ಕರೆತರಬೇಕೆಂದು ಸಂಕಲ್ಪವಾಗಿದೆ. ಅವರಲ್ಲಿ ಸಮುದ್ರ ಕಂಡವರು ಕಡಮೆ. ಹೋಗುವಾಗ ಕಡವಿನ ದೋಣಿಯಲ್ಲಿ ಟಿಕೀಟು ಕೊಂಡು ಒಮ್ಮೆ ದಾಟಲಿ. ಆಮೇಲೆ ಇದೇ ಅಂಬಿಗನ ದೋಣಿಯಲ್ಲಿ ಮೂರು ಸಲವೋ ನಾಲ್ಕು ಸಲವೋ ಆಗಲಿ, ಅವನ ಎಣಿಕೆಯಂತೆ. ಪ್ರತಿ ಸಲಕ್ಕೂ ದಡದಲ್ಲಿ ಉಳಿದ ಹುಡುಗರ ಜೊತೆ ಇಬ್ಬರು ಹಿರಿಯರು ನಿಲ್ಲಬೇಕು. ದೇರೆಬೈಲಿನವರು ಹೆಸರು ಕೊಡುವುದಾದರೆ ಇಂದೇ ಕೊಡಿರಿ. ಈಜು ಬಲ್ಲವರ ಹೆಸರನ್ನು ಬೇರೆಯಾಗಿ ಬರೆಸಿರಿ. ತಿಂಡಿಯ ವ್ಯವಸ್ಥೆಯನ್ನು ತಾಯಂದಿರು ಒಪ್ಪಿಕೊಂಡಿದ್ದಾರೆ. ಎಲೆಯಲ್ಲಿ ಕಟ್ಟಿ ಕೊಡುವರಂತೆ. ಪ್ಲಾಸ್ಟಿಕ್ಕಿನ ಚೀಲ ಬೇಡವೆಂದು ನಾವೇ ಕೇಳಿಕೊಂಡಿದ್ದೇವೆ. ಕಾಂಡ್ಲ ಗಿಡದ ಬೇರುಗಳಲ್ಲಿ ಸಿಕ್ಕಿಕೊಂಡ ಚೀಲಗಳನ್ನು ನಿನ್ನೆ ಎಷ್ಟು ಕಂಡೆವೆಂದರೆ, ಮಕ್ಕಳು ಎಣಿಸಲು ತೊಡಗಿ ಅರ್ಧಕ್ಕೇ ಬಿಟ್ಟರು.

ಪ್ರಸಾದದ ವೇಳೆಯಾಯಿತು. ದೂರದಿಂದ ಬಂದವರು ಮೊದಲ ಪಂಕ್ತಿಗೆ ಕೂರಲಿ.