ಕ್ಯೂ ಉದ್ಯಾನದ ಬ್ರೌನ್ ಮತ್ತು ಕಲ್ಲುಗಿಡಗಳು



ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಟ್ಟುಕೊಂಡು ಬರ ಕಳೆಯುವ ಗಿಡಗಳಿಗೆ ಸಕ್ಯುಲೆಂಟ್ ಎನ್ನುತ್ತಾರೆ. ನಮ್ಮ ಲೋಳೆಸರ, ಬೇಲಿಯ ಕಳ್ಳಿ ಅದೇ ಪೈಕಿ. ಹಿಂದಿನ ಸಸ್ಯವಿಜ್ಞಾನಿಗಳಿಗೆ ಇವು ದೊಡ್ಡ ತಲೆನೋವು. ಬೇರೆ ಗಿಡವನ್ನು ಕಾಗದದ ನಡುವೆ ಒತ್ತಿಟ್ಟರೆ ಕೆಲವೇ ದಿನಗಳಲ್ಲಿ ಒಣಗುತ್ತದೆ. ಇವು ಒತ್ತಿದಲ್ಲೇ ಚಿಗುರುತ್ತವೆ! ಕುದಿನೀರಿಗೆ ಅದ್ದಿ ಕೊಂದು ಒಣಗಿಸಿದರೆ ಆಕಾರ, ಬಣ್ಣ ಎರಡೂ ಹಾಳು. ಹೀಗಾಗಿಯೋ ಏನೋ, ದಕ್ಷಿಣ ಆಫ್ರಿಕಾದ ನೂರಾರು ಗಿಡಗಳು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಮೆಸೆಂಬ್ರಿಯಾಂಥೆಮಮ್ ಎಂಬ ಒಂದೇ ಕುಲದಲ್ಲಿ ರಾಶಿ ಬಿದ್ದಿದ್ದವು.

ಆ ರಾಶಿಯನ್ನು ಬಿಡಿಸಲು ಕೂತವರಲ್ಲಿ ಮುಖ್ಯರು ನಿಕೋಲಸ್ ಎಡ್ವರ್ಡ್ ಬ್ರೌನ್. ಹುಟ್ಟಿದ್ದು 1849ರಲ್ಲಿ, ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ. ಮೊದಲು ಒಬ್ಬ ಶ್ರೀಮಂತರ ಖಾಸಗಿ ಸಂಗ್ರಹ ನೋಡಿಕೊಳ್ಳುವ ಕೆಲಸ. 1873ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹದಲ್ಲಿ, ಸಹಾಯಕ. ಅಲ್ಲೇ ನಲವತ್ತು ವರ್ಷ ದುಡಿದು 1914ರಲ್ಲಿ ನಿವೃತ್ತರಾದರು. ನಮ್ಮಲ್ಲಾದರೆ ಇನ್ನು ಮೊಮ್ಮಕ್ಕಳನ್ನು ಆಡಿಸಿಕೊಂಡಿರಿ ಎನ್ನುತ್ತಿದ್ದರು. ಇವರನ್ನು ಇವತ್ತು ಜಗತ್ತು ನೆನೆಯುವುದು ಅದಾದ ಮೇಲೆ ಮಾಡಿದ ಕೆಲಸಕ್ಕೆ.

ಬ್ರೌನ್ ಹೂವಿಗೇ ಕಟ್ಟುಬೀಳಲಿಲ್ಲ. ಈ ಗಿಡಗಳ ಹೂಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಅವರು ಒಣಗಿದ ಬೀಜಕೋಶಗಳನ್ನು ಬಿಡಿಸಿ ನೋಡಿದರು. ಬಟಾಣಿ ಗಾತ್ರದ, ಕಟ್ಟಿಗೆಯಂಥ ಒಂದು ಕೋಶದ ಮೇಲೆ ನೀರು ಹನಿಸಿ. ಕೆಲವೇ ನಿಮಿಷಗಳಲ್ಲಿ ಅದರ ಮುಚ್ಚಳಗಳು ನಕ್ಷತ್ರದಂತೆ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಒಣಗಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ. ಕೋಶ ಸತ್ತಿದ್ದರೂ ಸರಿಯೇ, ಅಂಗಾಂಶ ನೀರು ಹೀರಿ ಉಬ್ಬಿದರೆ ಸಾಕು. ಮಳೆ ಬಂದಾಗ ಮಾತ್ರ ಬೀಜ ಹೊರಬೀಳಬೇಕು, ಹನಿಯ ಪೆಟ್ಟಿಗೆ ಚಿಮ್ಮಬೇಕು ಎಂಬುದು ಮರುಭೂಮಿಯ ಲೆಕ್ಕಾಚಾರ. ಒಳಗಿನ ಕೋಣೆಗಳೆಷ್ಟು, ಅವಕ್ಕೆ ಹೊದಿಕೆ ಇದೆಯೇ, ಬಾಯಿಗೆ ಅಡ್ಡಲಾಗಿ ಗಂಟು ಇದೆಯೇ ಎಂಬುದು ಗುಂಪಿನಿಂದ ಗುಂಪಿಗೆ ಬೇರೆ.

1921ರಿಂದ ‘ಗಾರ್ಡನರ್ಸ್ ಕ್ರಾನಿಕಲ್’ ಪತ್ರಿಕೆಯಲ್ಲಿ ಅವರು ಇಂಥ ವ್ಯತ್ಯಾಸಗಳನ್ನು ಹಿಡಿದು ಹಳೆಯ ಕುಲವನ್ನು ಒಡೆಯುತ್ತ ಹೋದರು. 1922ರಲ್ಲಿ ಲಿಥಾಪ್ಸ್ ಎಂಬ ಕುಲ ಹುಟ್ಟಿತು. ಸಸ್ಯಸಂಗ್ರಾಹಕ ವಿಲಿಯಂ ಬರ್ಚೆಲ್ 1811ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ಬೆಣಚುಕಲ್ಲೆಂದು ಎತ್ತಿಕೊಳ್ಳಹೋಗಿ ಗಿಡವೆಂದು ಕಂಡುಕೊಂಡದ್ದು ಈ ಕುಲದ ಕಲ್ಲುಗಿಡವನ್ನೇ. ಎರಡೇ ಎಲೆ, ವರ್ಷಕ್ಕೊಮ್ಮೆ ಹಳೆಯ ಜೋಡಿ ತನ್ನ ನೀರನ್ನೆಲ್ಲ ಹೊಸ ಜೋಡಿಗೆ ಕೊಟ್ಟು ಒಣಗುತ್ತದೆ. ಆ ಹೊತ್ತಿನಲ್ಲಿ ನಾವೂ ನೀರುಣಿಸಿದರೆ ಗಿಡಕ್ಕೆ ಕೇಡು. ಕುಂಡದಲ್ಲಿ ಸಾಯುವ ಲಿಥಾಪ್ಸ್‌ಗಳಲ್ಲಿ ಎಷ್ಟೋ ಸಾಯುವುದು ಪ್ರೀತಿಯ ನೀರಿನಿಂದಲೇ.

ಬ್ರೌನ್ ಒಬ್ಬರೇ ಇರಲಿಲ್ಲ. ಕೇಪ್‌ಟೌನಿನಲ್ಲಿ ಲೂಯಿಸಾ ಬೋಲಸ್, ಜರ್ಮನಿಯಲ್ಲಿ ಗುಸ್ತಾವ್ ಶ್ವಾಂಟೆಸ್ ಅದೇ ರಾಶಿಗೆ ಕೈಹಾಕಿದ್ದರು. ಶ್ವಾಂಟೆಸ್ ವೃತ್ತಿಯಿಂದ ಪುರಾತತ್ತ್ವಜ್ಞ! ಮೂವರೂ ಹೆಸರಿಡುತ್ತ ಹೋದದ್ದರಿಂದ ಗೊಂದಲವೂ ಬೆಳೆಯಿತು. ಆಗ ಇಟ್ಟ ಕುಲಗಳನ್ನೆಲ್ಲ ಇಂದಿನವರು ಉಳಿಸಿಕೊಂಡಿಲ್ಲ. ಲಿಥಾಪ್ಸ್ ಅಂತೂ ಗಟ್ಟಿಯಾಗಿ ನಿಂತಿದೆ. 1927ರಲ್ಲಿ ಶ್ವಾಂಟೆಸ್ ಒಂದು ಕುಲಕ್ಕೆ ಬ್ರೌನಾಂಥಸ್ ಎಂದು ಹೆಸರಿಟ್ಟರು. ಆಗ ಎಪ್ಪತ್ತೆಂಟರ ಆಸುಪಾಸಿನಲ್ಲಿದ್ದ ಬ್ರೌನ್, 1934ರಲ್ಲಿ ತೀರಿಕೊಳ್ಳುವ ಮುನ್ನ, 1931ರಲ್ಲಿ ಬಂದ ಮೆಸೆಂಬ್ರಿಯಾಂಥೆಮಮ್ ಬಳಗದ ಪುಸ್ತಕಕ್ಕೂ ಬರೆದುಕೊಟ್ಟರು.