ಅಂತರ್ಜಾಲದಲ್ಲಿ ಖಾಸಗಿತನ: ಒಬ್ಬರಿಂದ ಆಗುವ ಕೆಲಸವಲ್ಲ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)

 

ಅಂತರ್ಜಾಲದಲ್ಲಿ ಖಾಸಗಿತನ ಎಂಬ ಮಾತು ಎತ್ತಿದೊಡನೆ ಎರಡು ಬಗೆಯ ಉತ್ತರ ಬರುತ್ತದೆ. "ನಾನೇನು ಕಳ್ಳನೇ, ಮುಚ್ಚಿಡಲು ನನ್ನಲ್ಲೇನಿದೆ?" ಎಂಬುದು ಹಿರಿಯರ ಉತ್ತರ. "ಹೇಗೂ ಎಲ್ಲವೂ ಎಲ್ಲರಿಗೂ ಗೊತ್ತಾಗಿಹೋಗಿದೆ, ಇನ್ನೇನು ಉಳಿದಿದೆ?" ಎಂಬುದು ಕಿರಿಯರದು. ಎರಡರಲ್ಲೂ ಇರುವುದು ಒಂದೇ ತಪ್ಪು ಎಂದು ನನ್ನ ಅಭಿಪ್ರಾಯ. ಖಾಸಗಿತನವೆಂದರೆ ನನ್ನೊಬ್ಬನ ಪೆಟ್ಟಿಗೆ, ಅದಕ್ಕೆ ಬೀಗ ಹಾಕುವುದೂ ಬಿಡುವುದೂ ನನ್ನಿಷ್ಟ ಎಂದು ಇಬ್ಬರೂ ತಿಳಿದಿದ್ದಾರೆ. ಅಂತರ್ಜಾಲದಲ್ಲಿ ವ್ಯವಹಾರ ಹಾಗಿಲ್ಲ. ಅಲ್ಲಿ ನಿಮ್ಮ ಗುಟ್ಟು ಉಳಿಯುವುದು ನಿಮ್ಮ ಅಕ್ಕಪಕ್ಕದಲ್ಲಿ ಎಷ್ಟು ಜನ ನಿಂತಿದ್ದಾರೆ, ಅವರು ಎಷ್ಟು ಜಾಗರೂಕರಾಗಿದ್ದಾರೆ ಎಂಬುದರ ಮೇಲೆ. ಇದನ್ನು ಕಂಡುಕೊಂಡವರಲ್ಲಿ ಅಮೆರಿಕದ ನೌಕಾಪಡೆಯವರೂ ಸೇರಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾದೀತು.

ಆ ಕತೆಗೆ ಹೋಗುವ ಮುನ್ನ ಒಂದು ಸಣ್ಣ ವಿವರಣೆ. ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಜಾಲತಾಣವನ್ನು ತೆರೆದಾಗ, ನಿಮ್ಮ ಕಡೆಯಿಂದ ಹೊರಡುವ ಪ್ರತಿಯೊಂದು ತುಣುಕಿನ ಮೇಲೂ ಅಂಚೆಯ ಲಕೋಟೆಯ ಹಾಗೆ ಎರಡು ವಿಳಾಸಗಳಿರುತ್ತವೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಎಂಬುದು. ಇದನ್ನು ಐಪಿ ವಿಳಾಸ ಎನ್ನುತ್ತಾರೆ. ವಿಳಾಸದ ಪಟ್ಟಿಯಲ್ಲಿ ಬೀಗದ ಚಿತ್ರ ಕಾಣಿಸಿದರೆ ಲಕೋಟೆಯ ಒಳಗಿನ ಕಾಗದವನ್ನು ದಾರಿಯಲ್ಲಿ ಯಾರೂ ಓದಲಾರರು ಎಂದರ್ಥ. ಆದರೆ ಲಕೋಟೆಯ ಮೇಲಿನ ವಿಳಾಸಗಳು ಹಾಗೆಯೇ ಕಾಣುತ್ತಿರುತ್ತವೆ. ಒಬ್ಬ ಹುಡುಗಿ ರಾತ್ರಿ ಎರಡು ಗಂಟೆಗೆ ಮಾನಸಿಕ ಆರೋಗ್ಯದ ಸಲಹೆ ಕೊಡುವ ತಾಣಕ್ಕೆ ಹೋದಳು ಎಂದು ತಿಳಿದರೆ ಸಾಕು, ಅವಳು ಅಲ್ಲಿ ಏನು ಬರೆದಳೆಂದು ಓದಬೇಕಾದ ಅಗತ್ಯವೇ ಇಲ್ಲ. ಬ್ರೌಸರಿನ "ಇನ್‌ಕಾಗ್ನಿಟೊ" ಕಿಟಕಿ ತೆರೆದರೆ ಇದೆಲ್ಲ ಮುಚ್ಚಿಹೋಗುತ್ತದೆ ಎಂದು ನಂಬಿದವರು ನಿಮ್ಮಲ್ಲಿ ಅನೇಕರಿರಬಹುದು. ಅದು ನಿಮ್ಮದೇ ಯಂತ್ರದಲ್ಲಿ ನೋಡಿದ್ದರ ದಾಖಲೆ ಇಟ್ಟುಕೊಳ್ಳುವುದಿಲ್ಲ, ಅಷ್ಟೇ. ಈ ಕಿಟಕಿಯ ವಿಷಯದಲ್ಲಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಗಿ, ಕೋಟ್ಯಂತರ ದಾಖಲೆಗಳನ್ನು ಅಳಿಸಲು ಆ ಕಂಪನಿ 2024ರಲ್ಲಿ ಒಪ್ಪಿಕೊಂಡಿತು.

ಈಗ ನೌಕಾಪಡೆಯ ಕತೆ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ 1990ರ ದಶಕದ ನಡುವೆ ಪಾಲ್ ಸೈವರ್ಸನ್, ಮೈಕಲ್ ರೀಡ್, ಡೇವಿಡ್ ಗೋಲ್ಡ್‌ಶ್ಲಾಗ್ ಎಂಬ ಮೂವರು ಈ ವಿಳಾಸದ ಸಮಸ್ಯೆಯನ್ನೇ ಹಿಡಿದು ಕೂತರು. ಅವರು ಕಂಡುಕೊಂಡ ಉಪಾಯಕ್ಕೆ "ಈರುಳ್ಳಿ ಮಾರ್ಗ" ಎಂಬ ಹೆಸರು ಬಂತು. ಸಿಪ್ಪೆಯೊಳಗೆ ಸಿಪ್ಪೆ ಇರುವ ಕಾರಣ. ನಮ್ಮ ರೀತಿಯಲ್ಲಿ ಹೇಳುವುದಾದರೆ ಹೀಗೆ. ಭಟ್ಕಳದಿಂದ ದೆಹಲಿಗೆ ನೀವೊಂದು ಪತ್ರ ಕಳಿಸಬೇಕು. ಆ ಪತ್ರವನ್ನು ಒಂದರೊಳಗೊಂದು ಮೂರು ಲಕೋಟೆಗಳಲ್ಲಿಟ್ಟು ಹುಬ್ಬಳ್ಳಿಯ ಒಬ್ಬರಿಗೆ ಕಳಿಸುತ್ತೀರಿ. ಅವರು ಹೊರಗಿನ ಲಕೋಟೆ ಒಡೆದರೆ ಒಳಗೆ ಸಿಗುವುದು "ಪುಣೆಯ ಇಂಥವರಿಗೆ ತಲುಪಿಸಿ" ಎಂಬ ಇನ್ನೊಂದು ಲಕೋಟೆ. ಪುಣೆಯವರು ಅದನ್ನು ಒಡೆದರೆ "ಭೋಪಾಲದ ಇಂಥವರಿಗೆ" ಎಂಬ ಮತ್ತೊಂದು. ಕೊನೆಗೆ ಭೋಪಾಲದವರು ಪತ್ರವನ್ನು ದೆಹಲಿಗೆ ಮುಟ್ಟಿಸುತ್ತಾರೆ. ಹುಬ್ಬಳ್ಳಿಯವರಿಗೆ ನೀವು ಯಾರೆಂದು ಗೊತ್ತು, ಪತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ. ಭೋಪಾಲದವರಿಗೆ ದೆಹಲಿ ಗೊತ್ತು, ನೀವು ಗೊತ್ತಿಲ್ಲ. ನಡುವಿನವರಿಗೆ ಎರಡೂ ಗೊತ್ತಿಲ್ಲ. ಒಬ್ಬೊಬ್ಬರ ಕೈಯಲ್ಲೂ ಅರ್ಧ ಸತ್ಯ ಮಾತ್ರ ಇರುತ್ತದೆ.

ಉಪಾಯವೇನೋ ಚೆನ್ನಾಗಿತ್ತು, ಆದರೆ ಅದರಲ್ಲಿ ಒಂದು ತೊಡಕಿತ್ತು. ಈ ಮಾರ್ಗವನ್ನು ನೌಕಾಪಡೆ ಮಾತ್ರ ಬಳಸಿದರೆ, ಇಲ್ಲಿಂದ ಹೊರಬಿದ್ದ ಪ್ರತಿ ಪತ್ರವೂ ನೌಕಾಪಡೆಯದೇ ಎಂದು ಚಿಕ್ಕ ಮಕ್ಕಳೂ ಹೇಳಿಯಾರು! ಮುಖಕ್ಕೆ ಮುಸುಕು ಹಾಕಿಕೊಂಡು ಊರಿನಲ್ಲಿ ಒಬ್ಬನೇ ಓಡಾಡಿದರೆ ಎಲ್ಲರ ಕಣ್ಣೂ ಅವನ ಮೇಲೆಯೇ. ಹಾಗಾಗಿ ಈ ದಾರಿಯನ್ನು ಎಲ್ಲರಿಗೂ ಬಿಟ್ಟುಕೊಡುವುದು ಅನಿವಾರ್ಯವಾಯಿತು. ಸೈವರ್ಸನ್ ಅವರ ಜೊತೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಎಂಬ ತರುಣರು ಸೇರಿ ಕಟ್ಟಿದ "ಟಾರ್" ಎಂಬ ಜಾಲ 2002ರಲ್ಲಿ ಚಾಲನೆಗೆ ಬಂತು. ಯಾರು ಬೇಕಾದರೂ ಓದಿ ಪರಿಶೀಲಿಸಬಹುದಾದ ಮುಕ್ತ ತಂತ್ರಾಂಶವಾಗಿ ಅದನ್ನು ಬಿಡಲಾಯಿತು. 2006ರಲ್ಲಿ ಅದನ್ನು ನೋಡಿಕೊಳ್ಳಲು ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯೂ ಆಯಿತು. ಅದರ ಖರ್ಚಿನ ದೊಡ್ಡ ಪಾಲು ಬಹಳ ವರ್ಷ ಅಮೆರಿಕ ಸರ್ಕಾರದಿಂದಲೇ ಬರುತ್ತಿತ್ತು ಎಂಬುದನ್ನೂ ಹೇಳಿಬಿಡಬೇಕು; ಅದನ್ನು ಕೇಳಿ ಅನುಮಾನ ಪಡುವವರನ್ನು ನಾನು ತಪ್ಪೆನ್ನಲಾರೆ. ಇಂದು ಜಗತ್ತಿನಾದ್ಯಂತ ಕೆಲವು ಸಾವಿರ ಸ್ವಯಂಸೇವಕರು ತಮ್ಮ ಯಂತ್ರಗಳನ್ನು ಈ ಹುಬ್ಬಳ್ಳಿ, ಪುಣೆ, ಭೋಪಾಲಗಳ ಕೆಲಸಕ್ಕೆ ಬಿಟ್ಟುಕೊಟ್ಟಿದ್ದಾರೆ. ದಿನವೂ ಲಕ್ಷಗಟ್ಟಲೆ ಜನ ಅದನ್ನು ಬಳಸುತ್ತಾರೆ. ತನ್ನ ಸುದ್ದಿಯನ್ನು ತಡೆಯುವ ದೇಶಗಳ ಓದುಗರಿಗಾಗಿ ಬಿಬಿಸಿ 2019ರಲ್ಲಿ ಈ ಜಾಲದಲ್ಲೇ ಒಂದು ವಿಳಾಸ ತೆರೆಯಿತು.

ಜನಸಂದಣಿ ಇಲ್ಲದ ಕಡೆ ಮುಸುಕು ಹೇಗೆ ಕೈಕೊಡುತ್ತದೆ ಎಂಬುದಕ್ಕೆ 2013ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ಪರೀಕ್ಷೆ ತಪ್ಪಿಸಿಕೊಳ್ಳಲು ಒಬ್ಬ ವಿದ್ಯಾರ್ಥಿ ಟಾರ್ ಮೂಲಕ ಬಾಂಬ್ ಬೆದರಿಕೆಯ ಇ-ಮೇಲ್ ಕಳಿಸಿದ. ಪತ್ತೆದಾರರು ಟಾರ್ ಜಾಲವನ್ನು ಭೇದಿಸುವ ಗೋಜಿಗೇ ಹೋಗಲಿಲ್ಲ. ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈಯಲ್ಲಿ ಟಾರ್ ಬಳಸಿದವರು ಯಾರು ಎಂದು ನೋಡಿದರು, ಅವನನ್ನು ಕರೆದು ಕೇಳಿದರು, ಅವನು ಒಪ್ಪಿಕೊಂಡ. ಇನ್ನೊಂದು ಪ್ರಸಂಗ 2007ರದು. ಟಾರ್ ಜಾಲದ ಕೊನೆಯ ಕೊಂಡಿಗಳಲ್ಲಿ, ಅಂದರೆ ನಮ್ಮ ಭೋಪಾಲದಲ್ಲಿ, ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಎಂಬ ತಜ್ಞ ಕೂತು, ಹಾದುಹೋಗುವ ಬೀಗವಿಲ್ಲದ ಪತ್ರಗಳನ್ನು ಓದಿದ. ಅವನು ಪ್ರಕಟಿಸಿದ 100 ಪಾಸ್‌ವರ್ಡ್‌ಗಳಲ್ಲಿ ಭಾರತದ ರಾಯಭಾರ ಕಚೇರಿಗಳವೂ ಇದ್ದವು. ಯಾರು ಕಳಿಸಿದರೆಂಬುದನ್ನು ಟಾರ್ ಮುಚ್ಚುತ್ತದೆ. ಏನು ಕಳಿಸಿದರೆಂಬುದನ್ನು ಮುಚ್ಚಲು ಬೇರೆ ಬೀಗವೇ ಬೇಕು.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತಿರಬಹುದು: ಇಂಥ ದಾರಿ ಕಳ್ಳರಿಗೂ ಅನುಕೂಲವಲ್ಲವೇ? ಹೌದು. 2011ರಿಂದ 2013ರವರೆಗೆ ಈ ಜಾಲದಲ್ಲಿ ಮಾದಕ ವಸ್ತುಗಳ ಒಂದು ದೊಡ್ಡ ಸಂತೆಯೇ ನಡೆಯಿತು. ಅದನ್ನು ನಡೆಸಿದವನ ಸುಳಿವು ಸಿಕ್ಕಿದ್ದರಲ್ಲಿ ಅವನೇ ಹಿಂದೊಮ್ಮೆ ತನ್ನ ನಿಜಹೆಸರಿನ ಇ-ಮೇಲ್ ವಿಳಾಸ ಹಾಕಿ ಬರೆದಿದ್ದ ಒಂದು ಸಾಲಿನ ಪಾತ್ರವೂ ಇತ್ತು. 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2025ರಲ್ಲಿ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ಕೊಟ್ಟರು.

ಆದರೆ ನಮಗೆ ಅಮೆರಿಕದ ಉದಾಹರಣೆ ಏಕೆ? 2021ರ ಜುಲೈಯಲ್ಲಿ ಒಂದು, 2022ರ ಜನವರಿ 1ರಂದು ಇನ್ನೊಂದು, ಹೀಗೆ ಎರಡು ಆ್ಯಪ್‌ಗಳು ನಮ್ಮ ದೇಶದಲ್ಲೇ ಹುಟ್ಟಿದವು. ಅವುಗಳ ಹೆಸರೇ ಬೈಗುಳವಾದ್ದರಿಂದ ನಾನು ಇಲ್ಲಿ ಹೇಳುವುದಿಲ್ಲ. ಮುಸ್ಲಿಂ ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು ತಮ್ಮ ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದ್ದ ಫೋಟೊಗಳನ್ನು ಎತ್ತಿ, ಅವರು ಹರಾಜಿಗಿದ್ದಾರೆಂದು ತೋರಿಸಿದರು. ಮಾಡಿದವರು ಸುಳ್ಳು ಹೆಸರುಗಳ ಹಿಂದೆ ಅಡಗಿದ್ದರು. ಮೊದಲನೆಯದರಲ್ಲಿ ಆರು ತಿಂಗಳು ಯಾರ ಬಂಧನವೂ ಆಗಲಿಲ್ಲ. ಎರಡನೆಯದು ಬಂದಾಗ ಪೊಲೀಸರು ಮನಸ್ಸು ಮಾಡಿದರು, ಒಂದು ವಾರದೊಳಗೆ ಬಂಧನಗಳಾದವು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ತನಿಖೆಗೆ ಮುಸುಕು ಅಷ್ಟೇನೂ ದೊಡ್ಡ ಅಡ್ಡಿಯಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ "ಎಲ್ಲರೂ ನಿಜಹೆಸರಿನಲ್ಲೇ ಬರೆಯಲಿ, ಆಗ ಎಲ್ಲ ಸರಿಹೋಗುತ್ತದೆ" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ಹೆಣ್ಣುಮಕ್ಕಳು ನಿಜಹೆಸರಿನಲ್ಲೇ ಇದ್ದರು, ಅದಕ್ಕೇ ಸಿಕ್ಕಿಬಿದ್ದರು. ಅವರಲ್ಲಿ ಹಲವರು ಅಂಜದೆ ಸ್ವಂತ ಹೆಸರಿನಲ್ಲೇ ದೂರು ಕೊಟ್ಟರೆಂಬುದು ಅವರ ಧೈರ್ಯ. ಆ ಧೈರ್ಯವನ್ನು ಹದಿನೆಂಟರ ಪ್ರತಿಯೊಬ್ಬ ಹುಡುಗಿಯಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನಿನ ಮಾತು ಸ್ವಲ್ಪ. ಬಾಗಿಲಲ್ಲಿ ನಿಂತು ಸಲಾಂ ಹೇಳಿ, ಬನ್ನಿ ಎಂದ ಮೇಲೆ ಒಳಗೆ ಕಾಲಿಡುವುದು ನಮ್ಮ ಮನೆಗಳ ರೂಢಿ. ದೇಶದ ಸಂವಿಧಾನವೂ ಈ ಬಾಗಿಲನ್ನು ಗುರುತಿಸುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪು ಅವರ ಹೆಸರಿನಲ್ಲೇ ಉಳಿದಿದೆ. ಟಾರ್ ಬಳಸುವುದನ್ನೇ ಅಪರಾಧವೆನ್ನುವ, ದೇಶಕ್ಕೆಲ್ಲ ಅನ್ವಯಿಸುವ ಕಾನೂನು ನಮ್ಮಲ್ಲಿಲ್ಲ. ವಿಪಿಎನ್ ಕಂಪನಿಗಳು ಮಾತ್ರ ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ನಿರ್ದೇಶನ ಬಂತು, ಕೆಲವು ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಇಲ್ಲಿಂದ ತೆಗೆದವು. ನಿಮ್ಮಲ್ಲಿ ಅನೇಕರ ಅಣ್ಣಂದಿರು, ಮಾವಂದಿರು ಗಲ್ಫ್ ದೇಶಗಳಲ್ಲಿದ್ದಾರೆ, ನಾಳೆ ನೀವೂ ಹೋಗಬಹುದು. ಅಲ್ಲಿಯ ಕಾನೂನು ಬೇರೆ. ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ವಿಧಿಸಬಹುದೆಂದು ಯುಎಇ 2016ರಲ್ಲೇ ಕಾನೂನು ಮಾಡಿದೆ. ಊರಿಗೆ ವಿಡಿಯೊ ಕರೆ ಮಾಡಲೆಂದು ಸಿಕ್ಕಸಿಕ್ಕ ಉಚಿತ ವಿಪಿಎನ್ ಹಾಕಿಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಮೇಲೆ ನೀವು ಇವತ್ತೇ ಟಾರ್ ಹಾಕಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರಿಗೆ ಅದರ ಅಗತ್ಯ ಬೀಳುವುದಿಲ್ಲ. ನಮ್ಮ ಸಂದಣಿಯ ಗುಟ್ಟು ಒಡೆಯುವುದು ಬೇರೆ ಕಡೆ, ನಮ್ಮದೇ ಪಟ್ಟಿಗಳಲ್ಲಿ. 2006ರ ಆಗಸ್ಟಿನಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲೆಂದು ಸುಮಾರು 6,50,000 ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆಬಾಗಿಲಿಗೇ ಹೋದರು. ಅವರು ಹುಡುಕಿದ್ದ ಊರು, ಅಡ್ಡಹೆಸರುಗಳೇ ದಾರಿ ತೋರಿಸಿದ್ದವು. ಜನ್ಮದಿನಾಂಕ, ಲಿಂಗ, ಪಿನ್‌ಕೋಡ್ ಈ ಮೂರು ಸಿಕ್ಕರೆ ಅಮೆರಿಕದ ಜನರಲ್ಲಿ ಶೇ. 87ರಷ್ಟು ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಲಟಾನ್ಯಾ ಸ್ವೀನಿ ಎಂಬ ವಿದುಷಿ 2000ರಲ್ಲೇ ಲೆಕ್ಕ ಹಾಕಿದ್ದರು.

ಈಗ ನಮ್ಮಂಥ ಸಂಘಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಜನ್ಮದಿನಾಂಕ, ಲಿಂಗ, ಪಿನ್‌ಕೋಡ್ ಮಾತ್ರವಲ್ಲ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆದಾಯ ಪ್ರಮಾಣಪತ್ರ, ತಂದೆ ಇಲ್ಲದ ಮಕ್ಕಳಾದರೆ ಮರಣ ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಇವು ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆಗಿ ಅಲ್ಲಿಯೇ ಉಳಿಯುತ್ತವೆ. ವಾಟ್ಸಾಪ್ ಮೂಲಕ ಪದಾಧಿಕಾರಿಯೊಬ್ಬರ ಮೊಬೈಲಿಗೆ ಬರುತ್ತವೆ, ಅಲ್ಲಿಂದ ಗುಂಪಿಗೆ. ಸಹಾಯ ಪಡೆದವರ ಪಟ್ಟಿ ಫೋಟೊ ಸಮೇತ ಊರೆಲ್ಲ ಸುತ್ತುತ್ತದೆ. ನೆರವು ಕೊಟ್ಟವರ ಸಂತೋಷಕ್ಕೆ ಮಾಡುವ ಕೆಲಸ ಅದು, ದುರುದ್ದೇಶವಲ್ಲ. ಆದರೆ ಒಬ್ಬ ಹುಡುಗಿ ಎಷ್ಟೇ ಎಚ್ಚರದಿಂದ ತನ್ನ ಫೋಟೊ, ಫೋನ್ ನಂಬರ್ ಕಾಪಾಡಿಕೊಂಡಿದ್ದರೂ ಆ ಒಂದು ಪಟ್ಟಿ ಎಲ್ಲವನ್ನೂ ಬಯಲಿಗಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತಾಗಿದೆ. ಕಂಪನಿಗಳಷ್ಟೇ ಅಲ್ಲ, ಸಂಘಗಳೂ ಅದರ ವ್ಯಾಪ್ತಿಗೆ ಬರುತ್ತವೆ. 18 ತುಂಬದ ಮಕ್ಕಳ ವಿವರಗಳಿಗೆ ತಂದೆತಾಯಿಯ ಒಪ್ಪಿಗೆ ಬೇಕು.

ವಿದ್ಯಾರ್ಥಿಗಳೇ, ಆಧಾರ್ ಪ್ರಾಧಿಕಾರದ ತಾಣದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಸಿಗುತ್ತದೆ. ಪೂರ್ಣ ಸಂಖ್ಯೆ ಬೇಡದ ಕಡೆಗಳಲ್ಲಿ ಅದನ್ನೇ ಕೊಡಿ. ಸೈಬರ್ ಸೆಂಟರಿನಿಂದ ಏಳುವ ಮೊದಲು ಡೌನ್‌ಲೋಡ್ ಫೋಲ್ಡರಿನಿಂದ ನಿಮ್ಮ ಕಡತ ಅಳಿಸಿ, ವಾಟ್ಸಾಪ್ ವೆಬ್‌ನಿಂದ ಹೊರಬನ್ನಿ. ಗೆಳತಿಯರ ಜೊತೆ ತೆಗೆದ ಫೋಟೊ ಹಾಕುವ ಮುನ್ನ ಅವರನ್ನೊಮ್ಮೆ ಕೇಳಿ.

ಸಮಿತಿಯ ಹಿರಿಯರಲ್ಲಿ ನನ್ನ ವಿನಂತಿ ಬೇರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರು ಪ್ರಶ್ನೆಗಳಿಗೆ ಸ್ಥಳ ಕೊಡಿ: ಹಳೆಯ ಅರ್ಜಿಗಳು ಈಗ ಯಾರ ಯಾರ ಮೊಬೈಲಿನಲ್ಲಿವೆ, ಅವನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು, ಆಮೇಲೆ ಅವನ್ನು ಅಳಿಸುವವರು ಯಾರು.