ಗಡಿಯ ಮಾತು, ಜಾಲತಾಣದ ತಕ್ಕಡಿ

(ಮೆಟುಚೆನ್‌ನಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



2025ರ ಮೇ 10, ಶನಿವಾರ. ಮೆಟುಚೆನ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆಯ ಸುಮಾರು. ಭಾರತ ಮತ್ತು ಪಾಕಿಸ್ತಾನಗಳು ಕದನ ವಿರಾಮಕ್ಕೆ ಒಪ್ಪಿವೆ ಎಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮ ಜಾಲತಾಣ ಟ್ರೂತ್ ಸೋಶಿಯಲ್‌ನಲ್ಲಿ ಪ್ರಕಟಿಸಿದರು. ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ದೆಹಲಿಯಲ್ಲಿ ಮಾಧ್ಯಮದ ಮುಂದೆ ಬಂದು ಅದನ್ನು ತಿಳಿಸಿದ್ದು ಆ ನಂತರ. ಮರುದಿನದ ಹೊತ್ತಿಗೆ ಮಿಸ್ರಿಯವರ ಮೇಲೆ, ಅವರ ಕುಟುಂಬದ ಮೇಲೆ ಜಾಲತಾಣದಲ್ಲಿ ನಿಂದನೆಯ ಸುರಿಮಳೆಯಾಯಿತು. ಅವರು ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಂಡರು. ನಿರ್ಧಾರ ಅವರದಾಗಿರಲಿಲ್ಲ, ಸರ್ಕಾರದ ನಿರ್ಧಾರವನ್ನು ಓದಿ ಹೇಳಿದ್ದಷ್ಟೇ ಅವರ ಕೆಲಸ.

ಗುಂಡಿನ ಸದ್ದು ನಿಂತಿತೆಂಬ ಸುದ್ದಿಯನ್ನು ತಂದವನೇ ಅಪರಾಧಿಯಾಗುವ ಸ್ಥಿತಿ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ದೇಶದ ರಕ್ಷಣೆಯ ಬಗ್ಗೆ ರಾಜಕಾರಣಿಗಳು ಜಾಲತಾಣದಲ್ಲಿ ಹೇಗೆ ಮಾತನಾಡುತ್ತಾ ಬಂದರು, ಆ ಮಾತನ್ನು ಯಾವ ತಕ್ಕಡಿಯಲ್ಲಿ ತೂಗಲಾಯಿತು ಎಂಬುದರಲ್ಲಿ ಅದರ ಬೇರಿದೆ. ಕರ್ನಾಟಕದ ಮೂರು ಪ್ರಸಂಗಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ.

ಮೊದಲನೆಯದು 2019ರ ಜನವರಿಯದು. ರಫೇಲ್ ಖರೀದಿಯ ವಿವಾದ ಬೆಂಗಳೂರಿನ ಎಚ್‌ಎಎಲ್‌ನ ಅಂಗಳಕ್ಕೆ ಬಂದಿತ್ತು. ಆ ಸಂಸ್ಥೆಗೆ ಒಂದು ಲಕ್ಷ ಕೋಟಿ ರೂಪಾಯಿಗಳ ಕೆಲಸ ನೀಡಲಾಗುತ್ತಿದೆ ಎಂದು, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ ಹೇಳಿದ್ದರು. ದಾಖಲೆ ಮಂಡಿಸಿ, ಇಲ್ಲವಾದರೆ ರಾಜೀನಾಮೆ ಕೊಡಿ ಎಂದು ರಾಹುಲ್ ಗಾಂಧಿ ಟ್ವಿಟರ್‌ನಲ್ಲಿ ಸವಾಲು ಹಾಕಿದರು. ಜನವರಿ 7ರಂದು ಸಚಿವೆ ಸದನದಲ್ಲಿ ಲೆಕ್ಕ ಕೊಟ್ಟರು: 2014ರಿಂದ 2018ರವರೆಗೆ ಸಹಿಯಾದ ಒಪ್ಪಂದಗಳು 26,570 ಕೋಟಿ ರೂಪಾಯಿಗಳವು, ಸುಮಾರು 73,000 ಕೋಟಿ ರೂಪಾಯಿಗಳವು ಇನ್ನೂ ಸಹಿಯ ಹಾದಿಯಲ್ಲಿವೆ. ಎರಡೂ ಕಡೆಯ ಭಾಷೆ ಒರಟಾಗಿತ್ತು. ಆದರೂ ಪ್ರಶ್ನೆಗೊಂದು ಉತ್ತರ ಬಂತು. ಸಹಿಯಾದದ್ದಕ್ಕೂ ಆಗಬೇಕಾದದ್ದಕ್ಕೂ ಇರುವ ಅಂತರ ಜನರಿಗೆ ತಿಳಿಯಿತು. ಪ್ರಜಾಪ್ರಭುತ್ವಕ್ಕೆ ಬೇಕಾದದ್ದು ಇಂಥ ಮಾತು.

ಎರಡನೆಯದು ಅದಾದ ಕೆಲವೇ ವಾರಗಳ ನಂತರದ್ದು. ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತರು. ಅವರಲ್ಲಿ ಒಬ್ಬರು ಮಂಡ್ಯ ಜಿಲ್ಲೆಯ ಗುಡಿಗೆರೆಯವರು. ಫೆಬ್ರವರಿ 26ರಂದು ಬಾಲಾಕೋಟ್‌ನ ಮೇಲೆ ವಾಯುದಾಳಿ ನಡೆಯಿತು. ಮರುದಿನ ಚಿತ್ರದುರ್ಗದಲ್ಲಿ ಬಿ.ಎಸ್. ಯಡಿಯೂರಪ್ಪ, ಈ ದಾಳಿಯಿಂದ ಮೋದಿಯವರ ಪರವಾಗಿ ಅಲೆ ಎದ್ದಿದೆ, ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ 22ಕ್ಕಿಂತ ಹೆಚ್ಚು ಗೆಲ್ಲಲು ನೆರವಾಗುತ್ತದೆ ಎಂದರು. ಪಾಕಿಸ್ತಾನದಲ್ಲಿ ಆ ಮಾತು ಕೂಡಲೇ ಹರಿದಾಡಿತು. ಕೇಂದ್ರ ಸಚಿವ ವಿ.ಕೆ. ಸಿಂಗ್ ಅವರೇ ಜಾಲತಾಣದಲ್ಲಿ ಭಿನ್ನಮತ ತಿಳಿಸಿದರು. ತಮ್ಮ ಹೇಳಿಕೆಯನ್ನು ಸಂದರ್ಭದಿಂದ ಕಿತ್ತು ಹರಡಲಾಗಿದೆ ಎಂದು ಯಡಿಯೂರಪ್ಪ ಟ್ವಿಟರ್‌ನಲ್ಲಿ ಸಮಜಾಯಿಷಿ ಕೊಟ್ಟರು. ಮಾರ್ಚ್ 9ರಂದು ಚುನಾವಣಾ ಆಯೋಗವು 2013ರ ತನ್ನ ಸೂಚನೆಯನ್ನು ನೆನಪಿಸಿ, ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬಾರದೆಂದು ಪಕ್ಷಗಳಿಗೆ ತಿಳಿಸಿತು. ಫಲಿತಾಂಶ ಬಂದಾಗ ಬಿಜೆಪಿ ರಾಜ್ಯದಲ್ಲಿ 25 ಸ್ಥಾನ ಗೆದ್ದಿತ್ತು.

ಮೂರನೆಯದು 2025ರದು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಗಳು ಬಂದವು. ಯುದ್ಧದ ಅಗತ್ಯವಿಲ್ಲ, ಭದ್ರತೆಯನ್ನು ಬಿಗಿಗೊಳಿಸಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಏಪ್ರಿಲ್ 26ರಂದು ಹೇಳಿದರು. ಪಾಕಿಸ್ತಾನದ ವಾಹಿನಿಗಳು ಅದನ್ನು ಬಿತ್ತರಿಸಿದವು. ರಾಜ್ಯದ ಬಿಜೆಪಿ ನಾಯಕರು ಎಕ್ಸ್‌ನಲ್ಲಿ ಮುಗಿಬಿದ್ದರು. ಯುದ್ಧವೇ ಬೇಡವೆಂದಿಲ್ಲ, ಅದು ಕೊನೆಯ ದಾರಿಯಾಗಬೇಕು ಎಂದು ಮುಖ್ಯಮಂತ್ರಿ ವಿವರಣೆ ಕೊಟ್ಟರು. ಕೆಲವೇ ದಿನಗಳಲ್ಲಿ ಅವರದೇ ಸಂಪುಟದ ಜಮೀರ್ ಅಹ್ಮದ್ ಖಾನ್, ಮೈಗೆ ಬಾಂಬ್ ಕಟ್ಟಿಕೊಂಡು ಪಾಕಿಸ್ತಾನಕ್ಕೆ ಹೋಗಲು ಸಿದ್ಧ ಎಂದರು. ಆ ವಿಡಿಯೊ ಎಲ್ಲೆಡೆ ಹರಡಿತು. ಮೇ 7ರಂದು, ಆಪರೇಷನ್ ಸಿಂಧೂರದ ದಿನ, ರಾಜ್ಯ ಕಾಂಗ್ರೆಸ್‌ನ ಖಾತೆಯಲ್ಲಿ ಶಾಂತಿಯ ಕುರಿತು ಗಾಂಧೀಜಿಯ ಹೆಸರಿನ ಮಾತೊಂದು ಕಾಣಿಸಿತು. ಟೀಕೆ ಬರುತ್ತಿದ್ದಂತೆ ಅದು ಮಾಯವಾಯಿತು. ಬಾಂಬಿನ ಮಾತನ್ನು ನುಂಗಿಕೊಂಡ ಪಕ್ಷಕ್ಕೆ ಗಾಂಧಿಯ ಮಾತನ್ನು ಉಳಿಸಿಕೊಳ್ಳುವ ಧೈರ್ಯವಿರಲಿಲ್ಲ.

ಕೊನೆಯ ಎರಡು ಪ್ರಸಂಗಗಳ ಇಬ್ಬರು ನಾಯಕರು ರಾಜಕೀಯವಾಗಿ ಎದುರುಬದುರು ನಿಂತವರು. ಒಬ್ಬರು ದಾಳಿಯನ್ನು ಓಟಿನ ಲೆಕ್ಕಕ್ಕೆ ಇಳಿಸಿದರು. ಇನ್ನೊಬ್ಬರು ಯುದ್ಧಕ್ಕೆ ಮುನ್ನ ಯೋಚಿಸಿ ಎಂದರು. ಈ ಎರಡು ಮಾತುಗಳ ನೈತಿಕ ತೂಕ ಒಂದೇ ಅಲ್ಲ. ಆದರೆ ಇಬ್ಬರ ಮೇಲೂ ಬಂದ ಮುಖ್ಯ ಆರೋಪ ಒಂದೇ: ಶತ್ರು ದೇಶ ನಿಮ್ಮ ಮಾತನ್ನು ಬಳಸಿಕೊಂಡಿತು. ಮಾತು ನಿಜವೋ ಸುಳ್ಳೋ, ನ್ಯಾಯವೋ ಅನ್ಯಾಯವೋ ಎಂಬ ವಿಚಾರಣೆ ಹಿಂದೆ ಸರಿಯಿತು. ಅದನ್ನು ಯಾರು ಹಂಚಿಕೊಂಡರು ಎಂಬುದೇ ತೀರ್ಪಾಯಿತು.

ಈ ತಕ್ಕಡಿಯಲ್ಲಿ ಕಳೆದುಹೋಗುವುದು ಪ್ರಶ್ನೆ. ಸ್ಫೋಟಕ ತುಂಬಿದ ವಾಹನ ಪುಲ್ವಾಮಾದ ಹೆದ್ದಾರಿಗೆ ಬಂದದ್ದು ಹೇಗೆ? ಪ್ರವಾಸಿಗರು ನೆರೆದಿದ್ದ ಬೈಸರನ್ ಹುಲ್ಲುಗಾವಲಿನಲ್ಲಿ ಕಾವಲು ಇರಲಿಲ್ಲವೇಕೆ? ಗುಡಿಗೆರೆಯ ಮನೆಗೂ ಶಿವಮೊಗ್ಗದ ಮನೆಗೂ ಸಲ್ಲಬೇಕಾದ ಉತ್ತರಗಳಿವು. ಸಿದ್ದರಾಮಯ್ಯನವರ ಮಾತಿನಲ್ಲಿ ಭದ್ರತೆಯ ಅರ್ಧವೂ ಇತ್ತು. ಚರ್ಚೆಗೆ ಉಳಿದದ್ದು ಯುದ್ಧದ ಅರ್ಧ ಮಾತ್ರ.

ಇದರಲ್ಲಿ ಮೆಟುಚೆನ್, ಎಡಿಸನ್‌ಗಳ ಕನ್ನಡಿಗರಿಗೆ ಪಾಲಿಲ್ಲವೆ? ಅನಿವಾಸಿ ಭಾರತೀಯರು ಮತ ಹಾಕಬೇಕಾದರೆ ಊರಿಗೇ ಹೋಗಬೇಕು. ಅಮೆರಿಕದ ಪೌರತ್ವ ಪಡೆದವರಿಗೆ ಆ ಹಕ್ಕೂ ಇಲ್ಲ. ಆದರೆ ಫಾರ್ವರ್ಡ್ ಮಾಡಲು ಯಾವ ಪಾಸ್‌ಪೋರ್ಟೂ ಬೇಡ. ಗರ್ಜನೆಯನ್ನು ಹಂಚಿದವರ ಮನೆಯ ಮೇಲೆ ಇಲ್ಲಿ ಡ್ರೋನ್ ಹಾರುವುದಿಲ್ಲ.

ಪ್ರಗತಿಪರರು ಈ ವಿಷಯದಲ್ಲಿ ತಮ್ಮನ್ನೂ ವಿನಾಯಿತಿಯಿಲ್ಲದೆ ನೋಡಿಕೊಳ್ಳಬೇಕು. ಕರ್ನಲ್ ಸೋಫಿಯಾ ಖುರೇಷಿಯವರ ಗಂಡನ ಮನೆ ಬೆಳಗಾವಿ ಜಿಲ್ಲೆಯಲ್ಲಿದೆ. ಆ ಮನೆಯ ಮೇಲೆ ಆರೆಸ್ಸೆಸ್‌ನವರು ದಾಳಿ ಮಾಡಿದರೆಂಬ ಪೋಸ್ಟ್ ಅದೇ ಮೇ ತಿಂಗಳಲ್ಲಿ ಹರಡಿತು. ಅದು ಶುದ್ಧ ಸುಳ್ಳೆಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟಪಡಿಸಿದರು. ಪೋಸ್ಟ್ ಹಾಕಿದಾತ ವಿದೇಶದಲ್ಲಿ ಇರುವಂತಿದೆ ಎಂದೂ ಪೊಲೀಸರು ಹೇಳಿದರು. ದ್ವೇಷವನ್ನು ವಿರೋಧಿಸುವವರಿಗೆ ಹಿತವಾಗುವಂತೆ ಹೆಣೆದ ಸುಳ್ಳೂ ಒಂದು ಊರಿಗೆ ಬೆಂಕಿ ಹಚ್ಚಬಲ್ಲದು.

ಆದ್ದರಿಂದ ಯಾವ ಪಕ್ಷದವರೇ ದೇಶರಕ್ಷಣೆಯ ಮಾತಾಡಿದರೂ ಮೊದಲು ಕೇಳಬೇಕಾದದ್ದು ಇಷ್ಟು: ಇದರಲ್ಲಿ ಪರಿಶೀಲಿಸಬಹುದಾದ ಸಂಗತಿ ಏನಿದೆ? ಇದಕ್ಕೆ ಯಾರು ಉತ್ತರ ಕೊಡಬೇಕು? ಎರಡಕ್ಕೂ ಜವಾಬು ಸಿಗದಿದ್ದರೆ, ಆ ಮಾತನ್ನು ಇಲ್ಲಿನ ಫೋನಿನಲ್ಲೇ ನಿಲ್ಲಿಸಬಹುದು. ಗಡಿಯಿಂದ ಇಷ್ಟು ದೂರವಿದ್ದು ಮಾಡಬಹುದಾದ ಕೆಲಸಗಳು ಕಡಿಮೆ, ಇದು ಅವುಗಳಲ್ಲೊಂದು.